ಹಾಡು ಕೇಳುವ ಆಪ್ ತೋರಿಸಿದ್ದನ್ನೇ ತೋರಿಸುತ್ತಿದೆ: ಹೊಸ ಇಂಡಿ ರಾಕ್, ಎಲೆಕ್ಟ್ರಾನಿಕ್ ಪಾಪ್ ನೀವೆಲ್ಲಿ ಹುಡುಕುತ್ತೀರಿ?

ಸಕ್ಕರೆ ಸೀಮೆ (ಮಂಡ್ಯ)

ಎಲ್ಲರಿಗೂ ನಮಸ್ಕಾರ. ನೇರವಾಗಿ ವಿಷಯಕ್ಕೆ ಬರುತ್ತೇನೆ. ದೊಡ್ಡ ಕಂಪನಿಗಳ ಹಂಗಿಲ್ಲದೆ ಬೆಳೆದ ಸಂಗೀತಕ್ಕೇ ಇಂಡಿ ಅನ್ನುವುದು. ನನಗೆ ತುಂಬಾ ಹಿಡಿಸಿದ್ದು ಮೂರು ಬ್ಯಾಂಡು: ಟೇಮ್ ಇಂಪಾಲಾ, ಚರ್ಚಸ್, ಮತ್ತೆ ದೆಹಲಿಯ ಪೀಟರ್ ಕ್ಯಾಟ್ ರೆಕಾರ್ಡಿಂಗ್ ಕಂಪನಿ. ಗಿಟಾರ್ ಇರಬೇಕು, ಸಿಂತ್ (ಸಿಂತಸೈಜರ್, ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ವಾದ್ಯ) ಇರಬೇಕು, ಬಸ್ಸಿನಲ್ಲಿ ಗುನುಗಿಕೊಳ್ಳುವ ಹಾಗಿರಬೇಕು. ಅಷ್ಟೇ ನನ್ನ ಬೇಡಿಕೆ.

ಆದರೆ ಆಪ್ ತೆರೆದರೆ ಸುತ್ತಿ ಬಳಸಿ ಅವೇ ಹಾಡು. ನನಗಾಗಿಯೇ ಮಾಡಿದ್ದು ಅಂತ ಬರುವ ಪಟ್ಟಿಯಲ್ಲೂ ಅವೇ. ನಿನ್ನೆ ಇಡ್ಲಿ ತಿಂದಿರಿ ಅಂತ ಇವತ್ತೂ ಕೇಳದೆಯೇ ಇಡ್ಲಿ ತಂದಿಡುವ ಸಪ್ಲೈಯರ್ ಹಾಗೆ.

ಮಂಡ್ಯದಲ್ಲಿ ಈ ಥರದ್ದು ಕೇಳುವವರು ನನ್ನ ಪರಿಚಯದಲ್ಲಿ ಯಾರೂ ಇಲ್ಲ. ಆಫೀಸಿನಲ್ಲಿ ಹಾಕಿದರೆ 'ಗುರು, ಹಾಡು ಶುರುವಾಗೋದು ಯಾವಾಗ?' ಅನ್ನುತ್ತಾರೆ. ಹಾಗಾಗಿ ಇಲ್ಲಿ ಕೇಳುತ್ತಿದ್ದೇನೆ. ಒಂದೇ ವಿನಂತಿ. ಬರೀ ಹೆಸರಿನ ಪಟ್ಟಿ ಹಾಕಬೇಡಿ, ನಿಮಗೆ ಅದು ಹೇಗೆ ಸಿಕ್ಕಿತು ಅಂತ ಹೇಳಿ.

ಲಾಸ್ಟ್ ಬಸ್ (ಮೈಸೂರು)

ಮೊದಲು ಒಂದು ಪ್ರಶ್ನೆ. ಅಕೌಂಟ್ ನಿಮ್ಮೊಬ್ಬರದೇನಾ, ಇಲ್ಲ ಮನೆಮಂದಿಯೆಲ್ಲ ಅದರಲ್ಲೇ ಕೇಳುತ್ತಾರಾ? ಆಪ್‌ಗೆ ಮನುಷ್ಯರು ಗೊತ್ತಿಲ್ಲ, ಅಕೌಂಟ್ ಮಾತ್ರ ಗೊತ್ತು. ಯಾವ ಹಾಡು ಯಾವ ಹಾಡಿನ ಜೊತೆ ಜನರ ಪ್ಲೇಲಿಸ್ಟ್‌ನಲ್ಲಿ ಕೂತಿದೆ ಅನ್ನುವುದನ್ನು ಲೆಕ್ಕ ಹಾಕಿ, ನಿಮ್ಮ ಹಾಗೆ ಕೇಳುವವರು ಇನ್ನೇನು ಕೇಳಿದರು ಅಂತ ನೋಡಿ ಕೊಡುತ್ತದೆ. ಸ್ಪಾಟಿಫೈ ಆಪ್‌ನ ಡಿಸ್ಕವರ್ ವೀಕ್ಲಿ ಪಟ್ಟಿ 2015ರಲ್ಲಿ ಶುರುವಾದಾಗಿನಿಂದ ಪ್ರತಿ ಸೋಮವಾರ 30 ಹಾಡು ಕೊಡುತ್ತಿರುವುದು ಹೆಚ್ಚುಕಡಿಮೆ ಹೀಗೆಯೇ.

ಮಗುವನ್ನು ಮಲಗಿಸಲು ಹಾಕಿದ ಜೋಗುಳ, ಅತ್ತೆ ಕೇಳಿದ ಭಕ್ತಿಗೀತೆ ಎಲ್ಲ ಆ ಲೆಕ್ಕಕ್ಕೆ ಸೇರುತ್ತದೆ. ಅಂಥದ್ದು ಹಾಕುವಾಗ ಪ್ರೈವೇಟ್ ಸೆಷನ್ ಆನ್ ಮಾಡಿ. ಪ್ಲೇಲಿಸ್ಟ್ ಒಂದನ್ನು ಟೇಸ್ಟ್ ಪ್ರೊಫೈಲ್‌ನಿಂದ, ಅಂದರೆ ನಿಮ್ಮ ರುಚಿಯ ಲೆಕ್ಕದಿಂದ, ಹೊರಗಿಡುವ ಆಯ್ಕೆಯೂ ಇದೆ. ಆಟೋಪ್ಲೇ (ಪಟ್ಟಿ ಮುಗಿದ ಮೇಲೆ ಆಪ್ ತಾನೇ ಹಾಡು ಹಾಕುವುದು) ಆಫ್ ಮಾಡಿ. ಅರ್ಧ ಸಮಸ್ಯೆ ಅಲ್ಲೇ ಕಡಿಮೆಯಾಗುತ್ತದೆ.

ನಾಲ್ಕು ತಂತಿ (ಮೈಸೂರು, ಕುವೆಂಪುನಗರ)

ಲಾಸ್ಟ್ ಬಸ್ ಹೇಳಿದ್ದು ಸರಿ. ಆದರೆ ಅದರಿಂದ ಆಪ್ ಸ್ವಲ್ಪ ಚೊಕ್ಕಟವಾಗುತ್ತದೆ, ಅಷ್ಟೇ. ಹೊಸದು ಸಿಗುವುದಿಲ್ಲ. ನಾನು ಬಾಸ್ ಗಿಟಾರ್ ನುಡಿಸುವವನು, ನನ್ನ ದಾರಿ ಬೇರೆ. ಹಾಡು ಇಷ್ಟವಾದರೆ ಅದರಂಥ ಹಾಡು ಹುಡುಕಬೇಡಿ. ಅದನ್ನು ಮಾಡಿದವರು ಮೊದಲು ಏನು ಮಾಡುತ್ತಿದ್ದರು, ಯಾರ ಜೊತೆ ಇದ್ದರು ಅಂತ ಹುಡುಕಿ.

ನಿಮ್ಮ ಪಟ್ಟಿಯನ್ನೇ ತೆಗೆದುಕೊಳ್ಳಿ. ಚರ್ಚಸ್ ಸ್ಕಾಟ್‌ಲೆಂಡಿನ ಗ್ಲಾಸ್ಗೋದ್ದು, 2011ರಲ್ಲಿ ಶುರುವಾಯಿತು. ಲಾರೆನ್ ಮೇಬೆರಿ ಹಾಡುತ್ತಾರೆ. ಉಳಿದ ಇಬ್ಬರು ಇಯನ್ ಕುಕ್ ಮತ್ತು ಮಾರ್ಟಿನ್ ಡೊಹರ್ಟಿ. ಇವರಿಬ್ಬರೂ ಮೊದಲಿಂದ ಸಿಂತ್ ಹುಡುಗರಲ್ಲ. ಕುಕ್ ಇದ್ದದ್ದು ಏರೋಗ್ರಾಮ್ ಅನ್ನುವ ರಾಕ್ ಬ್ಯಾಂಡಿನಲ್ಲಿ. ಡೊಹರ್ಟಿ ದಿ ಟ್ವೈಲೈಟ್ ಸ್ಯಾಡ್ ಜೊತೆ ವೇದಿಕೆಯಲ್ಲಿ ನುಡಿಸುತ್ತಿದ್ದರು. ಈಗ ಟ್ವೈಲೈಟ್ ಸ್ಯಾಡ್ ಹಾಕಿ ಕೇಳಿ. ಗಿಟಾರ್ ಗೋಡೆ ಕಟ್ಟಿದ ಹಾಗೆ ಬರುತ್ತದೆ. ಹಾಡುಗಾರ ತನ್ನ ಸ್ಕಾಟಿಷ್ ಉಚ್ಚಾರವನ್ನು ಒಂಚೂರೂ ಮುಚ್ಚಿಡುವುದಿಲ್ಲ. ಚರ್ಚಸ್‌ನಲ್ಲಿ ಪಾಪ್ ಕೆಳಗೆ ಒಂದು ದುಗುಡ ಇದೆಯಲ್ಲ, ಅದು ಎಲ್ಲಿಂದ ಬಂತು ಅಂತ ಆಗ ಗೊತ್ತಾಗುತ್ತದೆ.

ಅಲ್ಲಿಗೆ ನಿಲ್ಲಬೇಡಿ. ಟ್ವೈಲೈಟ್ ಸ್ಯಾಡ್ ಮೊದಲ ಆಲ್ಬಂಗಳು ಬಂದದ್ದು ಫ್ಯಾಟ್‌ಕ್ಯಾಟ್ ಅನ್ನುವ ಸಣ್ಣ ಲೇಬಲ್‌ನಿಂದ, ಅಂದರೆ ರೆಕಾರ್ಡ್ ಹೊರತರುವ ಕಂಪನಿಯಿಂದ. ಇದೇ ಲೇಬಲ್ ಫ್ರೈಟನ್ಡ್ ರ‍್ಯಾಬಿಟ್ ಬ್ಯಾಂಡನ್ನೂ ಹೊರತಂದಿದೆ. ಐಸ್‌ಲೆಂಡಿನ ಸಿಗುರ್ ರೋಸ್‌ನ ಎರಡನೇ ಆಲ್ಬಂ ಬ್ರಿಟನ್ನಿಗೆ 2000ದಲ್ಲಿ ತಲುಪಿದ್ದೂ ಇವರಿಂದಲೇ. ಒಂದು ಸಿಂತ್ ಪಾಪ್ ಹಾಡಿನಿಂದ ಹೊರಟು ಐಸ್‌ಲೆಂಡ್ ಮುಟ್ಟಿದಿರಿ. ಯಾವ ಆಪ್ ಕೂಡ ಈ ದಾರಿ ತೋರಿಸುವುದಿಲ್ಲ, ಯಾಕೆಂದರೆ ಆ ಲೇಬಲ್ಲಿನ ಈ ಮೂರು ಬ್ಯಾಂಡೂ ಒಂದೇ ಥರ ಕೇಳಿಸುವುದಿಲ್ಲ. ಆದರೆ ಅವನ್ನು ಆರಿಸಿದ ಕಿವಿ ಒಂದೇ.

ಟೇಮ್ ಇಂಪಾಲಾ ಇನ್ನೂ ಸುಲಭ. ಸ್ಟುಡಿಯೋದಲ್ಲಿ ಅದು ಕೆವಿನ್ ಪಾರ್ಕರ್ ಒಬ್ಬರೇ, ಆಸ್ಟ್ರೇಲಿಯಾದ ಪರ್ತ್‌ನವರು. ಅದೇ ಊರಿನ ಪಾಂಡ್ ಬ್ಯಾಂಡಿಗೆ ಕೆಲವು ವರ್ಷ ಡ್ರಮ್ಸ್ ನುಡಿಸಿದವರೂ ಅವರೇ. ಪಾಂಡ್‌ನ ಜೇ ವಾಟ್ಸನ್ ಟೇಮ್ ಇಂಪಾಲಾದ ವೇದಿಕೆ ತಂಡದಲ್ಲೂ ಇದ್ದಾರೆ, 'ಗಮ್' ಹೆಸರಿನಲ್ಲಿ ತಮ್ಮದೇ ಆಲ್ಬಂಗಳನ್ನೂ ಮಾಡುತ್ತಾರೆ. ಒಂದು ಊರಿನ ಗೆಳೆಯರ ಗುಂಪು ಸಿಕ್ಕಿದರೆ ಒಂದು ತಿಂಗಳಿಗೆ ಸಾಕಾಗುವಷ್ಟು ಸಂಗೀತ ಸಿಗುತ್ತದೆ.

ಒಂಟಿಕೊಪ್ಪಲ್ (ಮೈಸೂರು)

ಮೂರನೆಯದನ್ನು ನಾನು ಹೇಳುತ್ತೇನೆ. ಪೀಟರ್ ಕ್ಯಾಟ್ ಹಾಡುಗಾರ ಸೂರ್ಯಕಾಂತ್ ಸಾಹ್ನಿ 'ಲಿಫಾಫಾ' ಅನ್ನುವ ಹೆಸರಿನಲ್ಲಿ ಒಬ್ಬರೇ ಎಲೆಕ್ಟ್ರಾನಿಕ್ ಪಾಪ್ ಮಾಡುತ್ತಾರೆ, ಹಿಂದಿಯಲ್ಲಿ. 2019ರ 'ಜಾಗೋ' ಕೇಳಿ. ಅದೇ ವರ್ಷ ಪೀಟರ್ ಕ್ಯಾಟ್‌ನ 'ಬಿಸ್ಮಿಲ್ಲಾ' ಕೂಡ ಬಂತು. ಎರಡನ್ನೂ ಒಂದರ ಹಿಂದೆ ಒಂದು ಹಾಕಿದರೆ ಮಜಾ ಇದೆ. ಗಂಟಲು ಒಂದೇ, ಮನೆ ಬೇರೆ.

ಇನ್ನು ನನ್ನ ದಾರಿ. ಬ್ಯಾಂಡ್‌ಕ್ಯಾಂಪ್. ಕಲಾವಿದರೇ ಆಲ್ಬಂ ಹಾಕಿ ಮಾರುವ ಜಾಗ, 2008ರಿಂದ ಇದೆ. ಬಹಳ ಜನ ಅದನ್ನು ಅಂಗಡಿ ಅಂದುಕೊಂಡು ಹಾಡು ಕೇಳಿ ಮುಚ್ಚಿಬಿಡುತ್ತಾರೆ. ನೋಡಬೇಕಾದ ಜಾಗ ಬೇರೆ ಇದೆ. ಆಲ್ಬಂ ಚಿತ್ರದ ಹತ್ತಿರ ಚಿಕ್ಕ ಚಿಕ್ಕ ಚೌಕದಲ್ಲಿ ಮುಖಗಳು ಕಾಣುತ್ತವೆ. ಅವರೆಲ್ಲ ದುಡ್ಡು ಕೊಟ್ಟು ಆ ಆಲ್ಬಂ ಕೊಂಡವರು. ಕೆಲವರು ಒಂದೆರಡು ಸಾಲು ಬರೆದಿರುತ್ತಾರೆ, ತಮಗೆ ಜಾಸ್ತಿ ಹಿಡಿಸಿದ ಹಾಡು ಯಾವುದು ಅಂತಲೂ ಹೇಳಿರುತ್ತಾರೆ. ಯಾವುದಾದರೂ ಒಂದು ಮುಖ ಒತ್ತಿ. ಆ ಮನುಷ್ಯ ಇದುವರೆಗೆ ಕೊಂಡ ಆಲ್ಬಂಗಳೆಲ್ಲ ಸಾಲಾಗಿ ಬಂದು ನಿಲ್ಲುತ್ತವೆ. ಪೋಲೆಂಡಿನ ಯಾರೋ, ಬ್ರೆಜಿಲಿನ ಯಾರೋ. ಅವರ ಹೆಸರೂ ಸರಿಯಾಗಿ ಗೊತ್ತಾಗುವುದಿಲ್ಲ. ಆದರೆ ಅವರ ಕಪಾಟು ಪೂರ್ತಿ ನಿಮ್ಮ ಮುಂದಿರುತ್ತದೆ. ಹತ್ತರಲ್ಲಿ ಎರಡು ನಿಮ್ಮ ಹತ್ತಿರ ಇರುವ ಆಲ್ಬಂ ಅಂದರೆ ಉಳಿದ ಎಂಟನ್ನು ಕಣ್ಣುಮುಚ್ಚಿ ಕೇಳಬಹುದು.

ಮುಖ ಆರಿಸುವುದರಲ್ಲೂ ಒಂದು ಜಾಣತನ ಇದೆ. ಸಾವಿರಾರು ಆಲ್ಬಂ ಕೊಂಡವರನ್ನು ಬಿಟ್ಟುಬಿಡಿ, ಅವರು ಸಿಕ್ಕಿದ್ದೆಲ್ಲ ಕೊಳ್ಳುವವರು. ಐವತ್ತು ಅರವತ್ತು ಕೊಂಡವರನ್ನು ಹಿಡಿಯಿರಿ. ಅವರು ಯೋಚಿಸಿ ದುಡ್ಡು ಬಿಚ್ಚಿದವರು.

ಕೊಳ್ಳಲೇಬೇಕು ಅಂತಿಲ್ಲ, ಹೆಚ್ಚಿನವನ್ನು ಸುಮ್ನೆ ಕೇಳಬಹುದು. ಕೊಂಡರೆ ಡಿಜಿಟಲ್ ಆಲ್ಬಂಗೆ ಬ್ಯಾಂಡ್‌ಕ್ಯಾಂಪ್ ಸಾಮಾನ್ಯವಾಗಿ 15 ಪರ್ಸೆಂಟ್ ಇಟ್ಟುಕೊಳ್ಳುತ್ತದೆ. ಬ್ಯಾಂಡ್‌ಕ್ಯಾಂಪ್ ಫ್ರೈಡೇ ಅಂತ ಕೆಲವು ಶುಕ್ರವಾರ ಮಾಡುತ್ತಾರೆ, ಅವತ್ತು ತನ್ನ ಪಾಲನ್ನೂ ಬಿಟ್ಟುಕೊಡುತ್ತದೆ. 2020ರ ಮಾರ್ಚ್‌ನಲ್ಲಿ ಕೋವಿಡ್‌ಗೆ ಕಾರ್ಯಕ್ರಮಗಳೆಲ್ಲ ನಿಂತಾಗ ಶುರುವಾದದ್ದು. ನಿಮ್ಮ ಕಾರ್ಡಿನಲ್ಲಿ ವಿದೇಶಿ ವಹಿವಾಟು ಆನ್ ಇದೆಯಾ ನೋಡಿಕೊಳ್ಳಿ, ಯುಪಿಐ ಅಂದುಕೊಂಡು ಹೋಗಬೇಡಿ.

ಸಕ್ಕರೆ ಸೀಮೆ

ಅಕ್ಕ, ನಿಮ್ಮ ಮಾತು ಕೇಳಿ ರಾತ್ರಿಯೆಲ್ಲ ಯಾರ್ಯಾರದೋ ಕಪಾಟು ಜಾಲಾಡಿದೆ. ಲಿಫಾಫಾ ಆಗಲೇ ಮನೆಯವನಾಗಿಬಿಟ್ಟ. ಟ್ವೈಲೈಟ್ ಸ್ಯಾಡ್ ಮಾತ್ರ ಭಾರ ಅನ್ನಿಸಿತು. ಬೆಳಿಗ್ಗೆ ಆಫೀಸಿಗೆ ಹೋಗುವಾಗ ಕೇಳುವುದಲ್ಲ ಅದು.

ನಾಲ್ಕು ತಂತಿ

ಅದನ್ನು ಬೆಳಿಗ್ಗೆ ಯಾರೂ ಕೇಳುವುದಿಲ್ಲ ಮಾರಾಯ. ಮಳೆಗಾಲಕ್ಕೆ ಎತ್ತಿಡಿ.

ಹಳೇ ಕ್ಯಾಸೆಟ್ (ಮೈಸೂರು, ಸರಸ್ವತಿಪುರಂ)

ನೀವೆಲ್ಲ ಹೇಳುತ್ತಿರುವುದು ಒಂದೇ ಮಾತು ಅಲ್ವಾ. ಯಾರೋ ಒಬ್ಬ ಮನುಷ್ಯ ಆರಿಸಿಕೊಡಬೇಕು. ನಮ್ಮ ಕಾಲಕ್ಕೆ ಅದು ಕ್ಯಾಸೆಟ್ ಅಂಗಡಿಯವರು, ರೇಡಿಯೋದವರು. ಬ್ರಿಟನ್ನಿನಲ್ಲಿ ಜಾನ್ ಪೀಲ್ ಅಂತ ಇದ್ದರು. 1967ರಿಂದ 2004ರಲ್ಲಿ ತೀರಿಕೊಳ್ಳುವವರೆಗೂ ಬಿಬಿಸಿ ರೇಡಿಯೋ ಒನ್‌ನಲ್ಲಿ, ಬೇರೆ ಯಾರೂ ಹಾಕದ ರೆಕಾರ್ಡುಗಳನ್ನು ಹಾಕುತ್ತಿದ್ದರು. ಅಲ್ಲಿನ ಎಷ್ಟೋ ಇಂಡಿ ಬ್ಯಾಂಡುಗಳು ಊರಾಚೆ ಗೊತ್ತಾಗಿದ್ದೇ ಅವರಿಂದ.

ನಮ್ಮೂರೂ ಕಮ್ಮಿಯಿಲ್ಲ. 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ 30 ವ್ಯಾಟಿನ ಟ್ರಾನ್ಸ್‌ಮಿಟರ್ ಇಟ್ಟು ರೇಡಿಯೋ ಕೇಂದ್ರ ಶುರು ಮಾಡಿದರು. ಮನೆಯ ರೂಮಿನಲ್ಲಿ ಕೂತು ಊರಿಗೆ ಹಾಡು ಕೇಳಿಸಿದ ಮೈಸೂರಿನ ಮೊದಲ ಮನುಷ್ಯ ಅಂತಲೇ ಹೇಳಬೇಕು.

ಇನ್ನೊಂದು ಹೇಳುತ್ತೇನೆ, ನಗಬೇಡಿ. ಜಯಚಾಮರಾಜ ಒಡೆಯರ್ ಪಶ್ಚಿಮದ ಶಾಸ್ತ್ರೀಯ ಸಂಗೀತದ ಹುಚ್ಚರು. ಲಂಡನ್ನಿನಲ್ಲಿ ನಿಕೊಲಾಯ್ ಮೆಟ್ನರ್ ಅಂತ ಒಬ್ಬ ರಷ್ಯನ್ ಸಂಗೀತಗಾರ ಇದ್ದ. ವಯಸ್ಸಾಗಿತ್ತು, ಕೈಯಲ್ಲಿ ಕಾಸಿರಲಿಲ್ಲ, ಕೇಳುವವರೂ ಕಡಿಮೆ. 1940ರ ದಶಕದ ಕೊನೆಯಲ್ಲಿ ನಮ್ಮ ಮಹಾರಾಜರು ಮೆಟ್ನರ್ ಸೊಸೈಟಿ ಅಂತ ಮಾಡಿ, ದುಡ್ಡು ಕೊಟ್ಟು ಆತನ ಕೃತಿಗಳನ್ನು ಆತನ ಕೈಯಲ್ಲೇ ನುಡಿಸಿ ಎಚ್‌ಎಂವಿಯಿಂದ ರೆಕಾರ್ಡ್ ಮಾಡಿಸಿದರು. ಆತ ತನ್ನ ಮೂರನೇ ಪಿಯಾನೋ ಕಾನ್ಸರ್ಟೋವನ್ನು (ಆರ್ಕೆಸ್ಟ್ರಾ ಜೊತೆ ಪಿಯಾನೋ ನುಡಿಸುವ ಕೃತಿ) ಮಹಾರಾಜರಿಗೇ ಅರ್ಪಿಸಿದ. ಇವತ್ತು ನಾವು ಮೆಟ್ನರ್ ಪಿಯಾನೋ ನುಡಿಸುವುದನ್ನು ಕೇಳಬಹುದಾದರೆ ಅದಕ್ಕೆ ಮೈಸೂರಿನ ದುಡ್ಡೂ ಕಾರಣ. ಒಂಟಿಕೊಪ್ಪಲ್ ಅವರು ಹೇಳಿದ ಚೌಕದ ಮುಖಗಳಲ್ಲಿ ಮೊದಲನೆಯದು ಅರಮನೆಯದು ಅನ್ನಿ.

ಮದ್ದೂರು ವಡೆ (ಮದ್ದೂರು)

ಸರ್, ಮಹಾರಾಜರ ಹತ್ತಿರ ಖಜಾನೆ ಇತ್ತು, ನಮ್ಮ ಹತ್ತಿರ ದಿನಕ್ಕೆ ಒಂದೂವರೆ ಜಿಬಿ ಇದೆ.

ಅದಿರಲಿ. ಮೇಲಿಂದ ಓದಿಕೊಂಡು ಬಂದೆ. ಗ್ಲಾಸ್ಗೋ ಆಯಿತು, ಪರ್ತ್ ಆಯಿತು, ಐಸ್‌ಲೆಂಡ್ ಆಯಿತು, ದೆಹಲಿ ಆಯಿತು. ಕನ್ನಡ ಎಲ್ಲಿ ಸ್ವಾಮಿ? ಇಂಗ್ಲಿಷ್ ಬ್ಯಾಂಡ್ ಹೆಸರು ಹೇಳಿಕೊಂಡು ಓಡಾಡುವುದೇ ಒಂದು ದೊಡ್ಡಸ್ತಿಕೆ ಆಗಿಬಿಟ್ಟಿದೆ ಅನ್ನಿಸುತ್ತದೆ. ಬೇಜಾರು ಮಾಡಿಕೊಳ್ಳಬೇಡಿ.

ಒಂಟಿಕೊಪ್ಪಲ್

ಬೇಜಾರೇನಿಲ್ಲ, ಕೇಳಬೇಕಾದ ಪ್ರಶ್ನೆಯೇ.

ನಮ್ಮ ಮೈಸೂರಿನಿಂದಲೇ ಶುರು ಮಾಡೋಣ. ರಘು ದೀಕ್ಷಿತ್ ಇಲ್ಲಿ ಬೆಳೆದವರು, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮೈಕ್ರೋಬಯಾಲಜಿ ಓದಿ ಚಿನ್ನದ ಪದಕ ತೆಗೆದುಕೊಂಡವರು. ಮೊದಲ ಆಲ್ಬಂ ಬಂದದ್ದು 2008ರಲ್ಲಿ. ಶಿಶುನಾಳ ಶರೀಫರ ತತ್ವಪದಗಳನ್ನು ಎಲೆಕ್ಟ್ರಿಕ್ ಗಿಟಾರ್, ಡ್ರಮ್ಸ್ ಜೊತೆ ಹಾಡಿ ಲಂಡನ್ ತನಕ ಒಯ್ದರು. ತಮ್ಮ ವಾಸು ದೀಕ್ಷಿತ್ ಸ್ವರಾತ್ಮ ಬ್ಯಾಂಡಿನ ಹಾಡುಗಾರ. ಸ್ವರಾತ್ಮದ 2009ರ ಆಲ್ಬಂನಲ್ಲಿ 'ಪ್ಯಾಸಿ' ಅಂತ ಒಂದು ಹಾಡಿದೆ. ಹೆಸರು ಹಿಂದಿ, ವಿಷಯ ನಮ್ಮ ಕಾವೇರಿ ಜಗಳ. ಮಂಡ್ಯದವರು ಇದನ್ನು ಕೇಳದೆ ಇದ್ದರೆ ಹೇಗೆ? ವಾಸು ದೀಕ್ಷಿತ್ ಕಲೆಕ್ಟಿವ್ ಅಂತ ಅವರದೇ ಇನ್ನೊಂದು ತಂಡವೂ ಇದೆ. ಅಲ್ಲಿ ದಾಸರ ಪದಗಳು ಗಿಟಾರ್ ಮೇಲೆ ಬರುತ್ತವೆ. ಬೆಂಗಳೂರಿನ ಲಗೋರಿ ಬ್ಯಾಂಡನ್ನೂ ನೋಡಿ.

ಆದರೆ ಮದ್ದೂರು ವಡೆ, ಒಂದು ಮಾತು ಒಪ್ಪಿಕೊಳ್ಳಿ. ಇವೆಲ್ಲ ಜಾನಪದ, ತತ್ವಪದದ ಕಡೆ ವಾಲುವ ರಾಕ್. ಶುದ್ಧ ಸಿಂತ್ ಪಾಪ್, ಸಿನಿಮಾದ ಹಂಗಿಲ್ಲದ್ದು, ಕನ್ನಡದಲ್ಲಿ ಇವತ್ತಿಗೂ ಹುಡುಕಬೇಕು. ಕಾರಣ ದೊಡ್ಡ ರಹಸ್ಯವೇನಲ್ಲ. ಒಳ್ಳೆ ಸಿಂತ್ ಕೆಲಸ ಬರುವವರನ್ನು ಸಿನಿಮಾ ಎಳೆದುಕೊಳ್ಳುತ್ತದೆ. ಬಾಡಿಗೆ ಕಟ್ಟಬೇಕಲ್ಲ. ಚರಣ್ ರಾಜ್ ಅವರ 'ಟಗರು' ಕೇಳಿ, 2018ರದ್ದು. ಎಲೆಕ್ಟ್ರಾನಿಕ್ ಸಂಗೀತದಲ್ಲಿ ಏನೇನು ಮಾಡಬಹುದು ಅಂತ ಸಿನಿಮಾದೊಳಗೇ ತೋರಿಸಿದ್ದಾರೆ. ಹಾಗಾಗಿ ಕನ್ನಡದಲ್ಲಿ ಹುಡುಕುವವರು ಹಾಡಿನ ಕೆಳಗೆ ಸಂಗೀತ ನಿರ್ದೇಶಕರ ಹೆಸರನ್ನಷ್ಟೇ ನೋಡಬಾರದು. ಪ್ರೋಗ್ರಾಮಿಂಗ್ (ಕಂಪ್ಯೂಟರಿನಲ್ಲಿ ಬೀಟ್, ಸಿಂತ್ ಕೂರಿಸುವುದು), ಮಿಕ್ಸಿಂಗ್, ಗಿಟಾರ್ ಯಾರದು ಅಂತ ನೋಡಿ. ಆ ಹೆಸರುಗಳನ್ನು ಹುಡುಕಿ. ಅವರದೇ ಸ್ವಂತ ಹಾಡು ಎಲ್ಲೋ ಮುನ್ನೂರು ಜನ ಕೇಳಿ ಕೂತಿರುತ್ತದೆ.

ನಾಲ್ಕು ತಂತಿ

ಬಾಡಿಗೆ ಅಂದದ್ದಕ್ಕೆ ಒಂದು ಮಾತು. ಇಲ್ಲೇ ಒಂದು ಪಬ್‌ನಲ್ಲಿ ನಮ್ಮ ಬ್ಯಾಂಡ್ ನುಡಿಸಲು ಹೋಗಿತ್ತು, ಯಾವುದು ಅಂತ ಕೇಳಬೇಡಿ. ಸ್ವಂತ ಹಾಡು ಎರಡೇ, ಅದೂ ಜನ ಬರುವ ಮುಂಚೆ. ಆಮೇಲೆ ಪೂರ್ತಿ ಸಿನಿಮಾ ಹಿಟ್ಸ್. ಡ್ರಮ್ಮರ್ 'ನಮ್ಮ ಹಾಡಿಗೆ ಸೌಂಡ್ ಚೆಕ್ ಅಂತ ಹೆಸರಿಡೋಣ' ಅಂದ. ಹಾಗಾಗಿ ಮೈಸೂರಿನಲ್ಲಿ ಬ್ಯಾಂಡ್ ನೋಡಲು ಹೋಗುವವರು ದಯವಿಟ್ಟು ಬೇಗ ಹೋಗಿ. ಹೊಸದು ಇರುವುದು ಮೊದಲ ಹತ್ತು ನಿಮಿಷದಲ್ಲಿ.

ನಾಬ್ ತಿರುಗಿಸು (ಶ್ರೀರಂಗಪಟ್ಟಣ)

ಎಲೆಕ್ಟ್ರಾನಿಕ್ ಅಂದಕೂಡಲೇ ಎಲ್ಲರೂ ಯುರೋಪ್ ಕಡೆ ನೋಡುತ್ತಾರೆ. ನಾನು ಬೇರೆ ಬಾಗಿಲು ತೋರಿಸುತ್ತೇನೆ. ಚರಣ್‌ಜಿತ್ ಸಿಂಗ್. ಮುಂಬೈ ಸಿನಿಮಾ ಆರ್ಕೆಸ್ಟ್ರಾಗಳಲ್ಲಿ ನುಡಿಸುತ್ತಿದ್ದವರು. 1982ರಲ್ಲಿ ರೋಲ್ಯಾಂಡ್ ಕಂಪನಿಯ ಮೂರು ಯಂತ್ರ ಇಟ್ಟುಕೊಂಡು, ಡಿಸ್ಕೋ ಬೀಟ್ ಮೇಲೆ ಹತ್ತು ರಾಗ ನುಡಿಸಿ ಆಲ್ಬಂ ಮಾಡಿದರು. ಟಿಆರ್-808 ಡ್ರಮ್ ಯಂತ್ರ, ಜ್ಯುಪಿಟರ್-8 ಸಿಂತ್, ಟಿಬಿ-303 ಬಾಸ್ ಯಂತ್ರ. ಆಗ ಯಾರೂ ಮೂಸಿ ನೋಡಲಿಲ್ಲ.

ಈ 303 ಬಗ್ಗೆ ಸ್ವಲ್ಪ ಹೇಳಬೇಕು. ಬಾಸ್ ನುಡಿಸುವವರು ಇಲ್ಲದ ಗಿಟಾರಿಸ್ಟ್‌ಗಳು ಮನೆಯಲ್ಲಿ ಪ್ರಾಕ್ಟೀಸ್ ಮಾಡಲಿ ಅಂತ ಮಾಡಿದ್ದು. ನಾಲ್ಕು ತಂತಿ ಅವರೇ, ನಿಮ್ಮ ಕೆಲಸಕ್ಕೆ ಕುತ್ತು ತರಬೇಕಿದ್ದ ಯಂತ್ರ! ಶಬ್ದ ಬಾಸ್ ಗಿಟಾರಿನ ಹಾಗೆ ಒಂಚೂರೂ ಇರಲಿಲ್ಲ. ಮಾರಾಟ ಬಿದ್ದುಹೋಯಿತು, 1984ಕ್ಕೆ ನಿಲ್ಲಿಸಿದರು. ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಗುತ್ತಿತ್ತು. ಶಿಕಾಗೋದ ಹುಡುಗರು ಅದನ್ನು ಕೊಂಡು, ಸ್ವರ ಓಡುತ್ತಿರುವಾಗಲೇ ಶಬ್ದದ ಗುಣ ಬದಲಿಸುವ ಕಟ್‌ಆಫ್, ರೆಸೊನೆನ್ಸ್ ನಾಬ್ ತಿರುಗಿಸಿದರು. ಶಬ್ದ ಕಿರುಚಿಕೊಂಡು ಬಾಯಿ ತೆರೆದು ಮುಚ್ಚಿದ ಹಾಗಾಯಿತು. 1987ರಲ್ಲಿ ಫ್ಯೂಚರ್ ಅನ್ನುವ ತಂಡ ಹೊರತಂದ ರೆಕಾರ್ಡಿನಿಂದ ಆಸಿಡ್ ಹೌಸ್ ಅನ್ನುವ ಡ್ಯಾನ್ಸ್ ಸಂಗೀತದ ಪ್ರಕಾರವೇ ಹುಟ್ಟಿತು.

ಚರಣ್‌ಜಿತ್ ಅದೇ ಯಂತ್ರವನ್ನು ಐದು ವರ್ಷ ಮೊದಲೇ ಹಿಡಿದಿದ್ದರು, ಬೇರೆ ಕಾರಣಕ್ಕೆ. 303ರಲ್ಲಿ ಸ್ಲೈಡ್ ಅಂತ ಒಂದಿದೆ. ಒಂದು ಸ್ವರದಿಂದ ಇನ್ನೊಂದಕ್ಕೆ ಹಾರದೆ ಜಾರುತ್ತದೆ. ರಾಗ ನುಡಿಸುವವರಿಗೆ ಅದು ಬೇಕೇ ಬೇಕಲ್ವಾ? 2010ರಲ್ಲಿ ಹಾಲೆಂಡಿನ ಒಂದು ಸಣ್ಣ ಲೇಬಲ್ ಅವರ ಆಲ್ಬಂ ಅನ್ನು ಮತ್ತೆ ಹೊರತಂದ ಮೇಲೆ ಪ್ರಪಂಚ ಬೆಚ್ಚಿತು.

ಮೈಸೂರಿನವರಿಗೆ ಈ ಆಲ್ಬಂನಲ್ಲಿ ಒಂದು ಅನುಕೂಲ ಇದೆ. ಚಿಕ್ಕಂದಿನಲ್ಲಿ ಸಂಗೀತ ಕ್ಲಾಸಿಗೆ ಹೋದವರು, ಎಂಟನೇ ಕ್ರಾಸ್ ಗಣೇಶೋತ್ಸವದ ಸಂಗೀತ ಕಚೇರಿಯಲ್ಲಿ ಕೂತವರು ಇಲ್ಲಿ ಜಾಸ್ತಿ ಇದ್ದೀರಿ. ಆಲ್ಬಂನಲ್ಲಿ ಇರುವುದು ಹಿಂದೂಸ್ತಾನಿ ರಾಗದ ಹೆಸರು, ನಮ್ಮ ಕರ್ನಾಟಕ ಸಂಗೀತದಲ್ಲಿ ಹೆಸರು ಬೇರೆ. ಭೂಪಾಲಿ ಹಾಕಿ, ಮೋಹನ ಕೇಳಿಸುತ್ತದೆ. ಮಾಲ್‌ಕೌಂಸ್ ಹಾಕಿ, ಹಿಂದೋಳ. ಯಮನ್‌ನಲ್ಲಿ ಕಲ್ಯಾಣಿ. ಗೊತ್ತಿರುವ ರಾಗವೇ ಇರುವುದರಿಂದ ಯಂತ್ರ ಏನು ಮಾಡುತ್ತಿದೆ ಅಂತ ಕಿವಿಗೆ ಬೇಗ ಸಿಗುತ್ತದೆ. ನನಗೆ ಟೆಕ್ನೋ, ಆಸಿಡ್ ಎಲ್ಲ ಒಳಗಿಳಿದದ್ದು ಈ ಹಿಂದೋಳದ ಮೂಲಕವೇ.

ಅಲ್ಲಿಂದ ಹಿಂದಕ್ಕೂ ಹೋಗಬಹುದು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ 1969ರಲ್ಲೇ ಮೂಗ್ ಸಿಂತಸೈಜರ್ ಬಂದಿತ್ತು. ಅಲ್ಲಿ 1972ರವರೆಗೆ ಮಾಡಿದ ರೆಕಾರ್ಡಿಂಗ್‌ಗಳು 2023ರಲ್ಲಿ ಆಲ್ಬಂ ಆಗಿ ಬಂದಿವೆ. ಮುಂದಕ್ಕೆ ಬಂದರೆ ಎಲೆಕ್ಟ್ರಾನಿಕ್ ಸಂಗೀತ ಮಾಡುವ ಮಿಡಿವಲ್ ಪಂಡಿತ್ಸ್, ನ್ಯೂಕ್ಲಿಯಾ, ಮುಂಬೈಯ ಸ್ಯಾಂಡ್ಯೂನ್ಸ್. ಸ್ಯಾಂಡ್ಯೂನ್ಸ್ ನನಗೆ ಎಲ್ಲರಿಗಿಂತ ಇಷ್ಟ. ಅವರಿಗೆ ಪಿಯಾನೋ ಚೆನ್ನಾಗಿ ಬರುತ್ತದೆ, ಅದು ಗೊತ್ತಾಗುತ್ತದೆ.

ಮದ್ದೂರು ವಡೆ

ಅಣ್ಣ, ಹಿಂದೋಳ ಕೇಳಿದೆ. ನಮ್ಮ ಅಮ್ಮ ಅಡುಗೆಮನೆಯಿಂದ ಬಂದು 'ಇದ್ಯಾರೋ ಹಿಂದೋಳಕ್ಕೆ ಕರೆಂಟ್ ಕೊಟ್ಟವ್ರೆ' ಅಂದರು. ಆದರೆ ಆಫ್ ಮಾಡು ಅನ್ನಲಿಲ್ಲ. ಅದೇ ದೊಡ್ಡದು.

ಲಾಸ್ಟ್ ಬಸ್

ಇನ್ನೊಂದು ದಾರಿ ಯಾರೂ ಹೇಳಿಲ್ಲ. ಸಂಗೀತ ಹಬ್ಬಗಳ ಪೋಸ್ಟರ್. ಹೋಗಲೇಬೇಕು ಅಂತಿಲ್ಲ, ಪೋಸ್ಟರ್ ಸಾಕು. ಅರುಣಾಚಲದ ಝೀರೋ ಇದೆ, ಬೆಂಗಳೂರಿನ ಎಕೋಸ್ ಆಫ್ ಅರ್ತ್, ಬ್ಯಾಂಡ್‌ಲ್ಯಾಂಡ್ ಇವೆ. ಮೇಲೆ ದಪ್ಪ ಅಕ್ಷರದಲ್ಲಿ ಇರುವವರು ನಿಮಗೆ ಗೊತ್ತಿರುವವರೇ. ಕೆಳಗಿನ ಸಾಲಿನಿಂದ ಓದಿ, ಕನ್ನಡಕ ಹಾಕಿಕೊಂಡು ಓದಬೇಕಾದ ಸಾಲಿನಿಂದ. ಅವರನ್ನು ಯಾರೋ ಸಂಘಟಕರು ನೂರಾರು ಬ್ಯಾಂಡುಗಳಲ್ಲಿ ಆರಿಸಿ ಕರೆಸಿರುತ್ತಾರೆ. ಹಳೇ ವರ್ಷಗಳ ಪೋಸ್ಟರೂ ನಡೆಯುತ್ತದೆ.

ಬೆಂಗಳೂರಿಗೆ ಹೋಗುವವರಿಗೆ: ಶೋ ಮುಗಿಯುವುದು ತಡ, ಮೆಟ್ರೋ ನೆಚ್ಚಿಕೊಳ್ಳಬೇಡಿ, ಸೀದಾ ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣಕ್ಕೆ ಬನ್ನಿ. ಮಂಡ್ಯದವರು ಹತ್ತುವ ಮುಂಚೆ ಬಸ್ ಊರೊಳಗೆ ಹೋಗುತ್ತದಾ ಅಂತ ಕೇಳಿಕೊಳ್ಳಿ, ಬೈಪಾಸಿನಲ್ಲಿ ಇಳಿಸಿಬಿಟ್ಟರೆ ಆಟೋನೂ ಸಿಗಲ್ಲ. ಬೈಕಿನಲ್ಲಿ ಹೋಗುವ ಯೋಚನೆ ಬೇಡ. 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ ಬೈಕ್ ಬಿಡುವುದಿಲ್ಲ, ಸರ್ವಿಸ್ ರೋಡೇ ಗತಿ.

ಗಂಗೋತ್ರಿ ಹಾಸ್ಟೆಲ್ (ಮೈಸೂರು)

ನಾನು ಸ್ಟೂಡೆಂಟ್, ಬೆಂಗಳೂರಿಗೆಲ್ಲ ಹೋಗಲು ದುಡ್ಡಿಲ್ಲ. ಬಯಲು ರಂಗಮಂದಿರದಲ್ಲಿ ದಸರೆಯ ಯುವ ಸಂಭ್ರಮ ಆದಾಗ ಪಕ್ಕದಲ್ಲೇ ಇರುತ್ತೇನೆ, ಆದರೆ ಅಲ್ಲಿ ಎಲ್ಲ ಸಿನಿಮಾ ಹಾಡಿಗೆ ಡ್ಯಾನ್ಸ್. ಫ್ರೀ ಆಗಿ ಏನಾದರೂ ಇದೆಯಾ?

ಒಂಟಿಕೊಪ್ಪಲ್

ರೇಡಿಯೋ! ಅಮೆರಿಕದ ಸಿಯಾಟಲ್‌ನ ಕೆಇಎಕ್ಸ್‌ಪಿ ನೆಟ್‌ನಲ್ಲಿ ಉಚಿತ, ಜಾಹೀರಾತಿನ ಕಾಟವಿಲ್ಲ. ಕೇಳುಗರು ಕೊಡುವ ದುಡ್ಡಿನಲ್ಲಿ ಮುಖ್ಯವಾಗಿ ನಡೆಯುತ್ತದೆ. ಅವರ ಸ್ಟುಡಿಯೋದಲ್ಲಿ ಬ್ಯಾಂಡ್‌ಗಳು ನುಡಿಸಿದ್ದು ಯೂಟ್ಯೂಬಿನಲ್ಲಿ ರಾಶಿ ಇದೆ. ಆದರೆ ನಾನು ಹೇಳುವುದು ನೇರ ಪ್ರಸಾರ. ಅಲ್ಲಿಯ ಬೆಳಿಗ್ಗೆ 7 ಗಂಟೆ ಅಂದರೆ ನಮಗೆ ಸಂಜೆ 7:30, ಅವರ ಚಳಿಗಾಲದಲ್ಲಿ 8:30. ಅವರ ಬೆಳಗಿನ ಕಾರ್ಯಕ್ರಮ ಹಾಕಿಕೊಂಡೇ ನಾನು ಚಪಾತಿ ಲಟ್ಟಿಸುವುದು. ಡಿಜೆ ಹಾಕಿದ ಪ್ರತಿ ಹಾಡೂ ವೆಬ್‌ಸೈಟಿನಲ್ಲಿ ಆಗಿಂದಾಗಲೇ ಬರುತ್ತದೆ. ಜೊತೆಗೆ ಆ ಬ್ಯಾಂಡ್ ಯಾವ ಊರಿನದು, ಯಾರು ಬಿಟ್ಟುಹೋಗಿ ಯಾರು ಸೇರಿದರು ಅಂತ ಪುಟ್ಟ ಟಿಪ್ಪಣಿ. ಎಲೆಕ್ಟ್ರಾನಿಕ್ ಕಡೆ ಜಾಸ್ತಿ ಬೇಕಾದರೆ ಲಂಡನ್ನಿನ ಎನ್‌ಟಿಎಸ್ ರೇಡಿಯೋ.

ನಾಬ್ ತಿರುಗಿಸು

ಗಂಗೋತ್ರಿ, ಫ್ರೀ ಅಂತ ಯೂಟ್ಯೂಬಿನಲ್ಲಿ ಸಿಕ್ಕಿದ ಗಂಟೆಗಟ್ಟಲೆಯ ಸಿಂತ್ ಮಿಕ್ಸ್ ಎಲ್ಲ ನಂಬಬೇಡಿ. ಅದರಲ್ಲಿ ಎಷ್ಟೋ ಎಐ ಮಾಡಿದ್ದು. 2025ರಲ್ಲಿ ದಿ ವೆಲ್ವೆಟ್ ಸನ್‌ಡೌನ್ ಅಂತ ಒಂದು 'ಬ್ಯಾಂಡ್' ಸ್ಪಾಟಿಫೈಯಲ್ಲಿ ತಿಂಗಳಿಗೆ ಹತ್ತು ಲಕ್ಷಕ್ಕೂ ಜಾಸ್ತಿ ಕೇಳುಗರನ್ನು ಮಾಡಿಕೊಂಡಿತ್ತು. ಆಮೇಲೆ ನೋಡಿದರೆ ಬ್ಯಾಂಡೇ ಇಲ್ಲ. ಪರೀಕ್ಷೆ ಸುಲಭ. ಡ್ರಮ್ಮರ್ ಯಾರು, ಯಾವ ಊರಲ್ಲಿ ನುಡಿಸಿದರು, ಮೊದಲು ಯಾವ ಬ್ಯಾಂಡಿನಲ್ಲಿದ್ದರು? ಒಂದಕ್ಕೂ ಉತ್ತರ ಸಿಗದಿದ್ದರೆ ಅನುಮಾನ ಪಡಿ.

ಹಳೇ ಕ್ಯಾಸೆಟ್

ಎಲ್ಲ ಸರಿ, ಆದರೆ ನೀವು ಹುಡುಕುವುದರಲ್ಲೇ ಕಾಲ ಕಳೆಯುತ್ತೀರಿ ಅನ್ನಿಸುತ್ತದೆ. ಕೇಳುವುದು ಯಾವಾಗ? ಕ್ಯಾಸೆಟ್ಟಿಗೆ ದುಡ್ಡು ಕೊಟ್ಟಿದ್ದೆವು, ಹಿಡಿಸದಿದ್ದರೂ ಎರಡೂ ಬದಿ ಕೇಳುತ್ತಿದ್ದೆವು. ಕೇಳ್ತಾ ಕೇಳ್ತಾ ಬಿ ಸೈಡಿನ ಮೂರನೇ ಹಾಡು ಹಿಡಿಸಿಬಿಡುತ್ತಿತ್ತು. ನೀವು ಹತ್ತು ಸೆಕೆಂಡಿಗೆ ತಳ್ಳುತ್ತೀರಿ.

ಒಂಟಿಕೊಪ್ಪಲ್

ಸರ್, ಇದನ್ನು ನಾನು ಒಪ್ಪುವುದಿಲ್ಲ. ಆಗ ನಿಮಗೆ ಬೇರೆ ಕ್ಯಾಸೆಟ್ ಇರಲಿಲ್ಲ, ಅದಕ್ಕೆ ಕೇಳಿದಿರಿ. ಹಿಡಿಸದ್ದನ್ನು ತಳ್ಳುವುದು ಪಾಪವಲ್ಲ. ಮನೆಕೆಲಸ, ಆಫೀಸು ಮುಗಿಸಿ ನನಗೆ ಸಿಗುವುದು ಒಂದು ಗಂಟೆ.

ಹಳೇ ಕ್ಯಾಸೆಟ್

ಆ ಒಂದು ಗಂಟೆಯಲ್ಲಿ ಒಂದೇ ಆಲ್ಬಂ ಕೇಳಮ್ಮ ಅಂತಲೇ ನಾನು ಹೇಳುತ್ತಿರುವುದು.

ನಾಲ್ಕು ತಂತಿ

ಇಬ್ಬರ ಮಧ್ಯೆ ನಾನು ಬರುವುದಿಲ್ಲ. ಆದರೆ ಒಂದು ಆಲ್ಬಂ ಪೂರ್ತಿ ಕೇಳುವುದಾದರೆ ದಿ ಪೋಸ್ಟಲ್ ಸರ್ವಿಸ್ ಬ್ಯಾಂಡಿನ 'ಗಿವ್ ಅಪ್', 2003. ಸಕ್ಕರೆ ಸೀಮೆ ಕೇಳಿದ್ದ ಗಿಟಾರ್ ಮತ್ತು ಸಿಂತ್ ಎರಡೂ ಸೇರುವ ಜಾಗಕ್ಕೆ ಇದಕ್ಕಿಂತ ಒಳ್ಳೆ ಬಾಗಿಲು ಇಲ್ಲ. ಮಾಡಿದವರಲ್ಲಿ ಬೆನ್ ಗಿಬ್ಬರ್ಡ್ ಸಿಯಾಟಲ್ ಕಡೆ, ಜಿಮ್ಮಿ ಟಾಂಬೊರೆಲ್ಲೊ ಲಾಸ್ ಏಂಜಲೀಸ್‌ನಲ್ಲಿ. ಒಬ್ಬರು ಬೀಟ್ ಮಾಡಿ ಅಂಚೆಯಲ್ಲಿ ಕಳಿಸುವುದು, ಇನ್ನೊಬ್ಬರು ಅದರ ಮೇಲೆ ಹಾಡಿ ವಾಪಸ್ ಕಳಿಸುವುದು. ಹೆಸರು ಬಂದದ್ದೂ ಅದರಿಂದಲೇ. ಅಮೆರಿಕದ ಅಂಚೆ ಇಲಾಖೆ ಹೆಸರು ನಮ್ಮದು ಅಂತ ನೋಟಿಸ್ ಕೊಟ್ಟಿತ್ತು, ಆಮೇಲೆ ರಾಜಿಯಾಯಿತು.

ನಾಬ್ ತಿರುಗಿಸು, ನೀವು ಶ್ರೀರಂಗಪಟ್ಟಣ, ನಾನು ಕುವೆಂಪುನಗರ. ನಮಗೆ ಅಂಚೆಯೂ ಬೇಡ. ಒಂದು ಬೀಟ್ ಕಳಿಸಿ ನೋಡೋಣ.

ನಾಬ್ ತಿರುಗಿಸು

ಶನಿವಾರ ಕಳಿಸುತ್ತೇನೆ. ಬಾಸ್ ನೀವೇ ನುಡಿಸಬೇಕು, 303 ನನ್ನ ಹತ್ತಿರ ಇಲ್ಲ. ಈಗ ಅದರ ರೇಟು ಕೇಳಿದರೆ ತಲೆ ತಿರುಗುತ್ತದೆ. ಲ್ಯಾಪ್‌ಟಾಪಿನ ನಕಲಿಯಲ್ಲೇ ನನ್ನ ಸಂಸಾರ.

ಸಕ್ಕರೆ ಸೀಮೆ

ಸದ್ಯಕ್ಕೆ ನನ್ನಲ್ಲಿ ಉಳಿದದ್ದು: ಲಿಫಾಫಾ, ಗಮ್, ಸ್ಯಾಂಡ್ಯೂನ್ಸ್, ಪ್ಯಾಸಿ. ಗಿವ್ ಅಪ್ ಇವತ್ತು ಸಂಜೆ ಬಸ್ಸಿಗೆ. ಒಂದು ಶೀಟ್ ಮಾಡುತ್ತಿದ್ದೇನೆ, ಎಲ್ಲರೂ ತುಂಬಬಹುದು. ಮೂರು ಕಾಲಂ: ಹಾಡು, ಮಾಡಿದವರು, ನಿಮಗೆ ಯಾರ ಮೂಲಕ ಸಿಕ್ಕಿತು. ಮೂರನೆಯದು ಖಾಲಿ ಬಿಟ್ಟರೆ ಅಳಿಸಿಬಿಡುತ್ತೇನೆ.

ಲಾಸ್ಟ್ ಬಸ್

ಶೀಟ್ ಯಾಕೆ, ಆಪ್‌ನಲ್ಲೇ ಪ್ಲೇಲಿಸ್ಟ್ ಮಾಡಿ. ಒತ್ತಿದರೆ ಕೇಳುತ್ತದೆ.

ನಾಲ್ಕು ತಂತಿ

ಬೇಡ. 2024ರಿಂದ ಸ್ಪಾಟಿಫೈಯಲ್ಲಿ ಒಂದು ಹಾಡನ್ನು ಹಿಂದಿನ ಹನ್ನೆರಡು ತಿಂಗಳಲ್ಲಿ 1000 ಸಲವಾದರೂ ಕೇಳಿರದಿದ್ದರೆ ಆ ರೆಕಾರ್ಡಿಂಗಿಗೆ ಒಂದು ಪೈಸೆಯೂ ಬರುವುದಿಲ್ಲ. ನಾವು ಹುಡುಕುತ್ತಿರುವುದೇ ಆ ಸಾವಿರ ಮುಟ್ಟದವರನ್ನು. ಬ್ಯಾಂಡ್‌ಕ್ಯಾಂಪ್ ಲಿಂಕ್ ಇದ್ದರೆ ಅದನ್ನೇ ಹಾಕಿ.

ಗಂಗೋತ್ರಿ ಹಾಸ್ಟೆಲ್

ಎರಡನ್ನೂ ಹಾಕಿ ಅಣ್ಣ. ನಾನು ಕೇಳಿ ಕೇಳಿ ಸಾವಿರ ಮಾಡಿಸುತ್ತೇನೆ, ಕೊಳ್ಳುವುದು ಕೆಲಸ ಸಿಕ್ಕಮೇಲೆ.

ಮದ್ದೂರು ವಡೆ

ಶೀಟಿನಲ್ಲಿ ಹತ್ತಕ್ಕೆ ಮೂರಾದರೂ ಕನ್ನಡ ಇರಬೇಕು, ಇಲ್ಲದಿದ್ದರೆ ಮತ್ತೆ ಜಗಳಕ್ಕೆ ಬರುತ್ತೇನೆ. ಮೊದಲ ಸಾಲು ನಾನೇ ತುಂಬಿದ್ದೇನೆ, ನೋಡಿ. ಮೂರನೇ ಕಾಲಂನಲ್ಲಿ 'ಒಂಟಿಕೊಪ್ಪಲ್ ಅಕ್ಕ' ಅಂತ ಬರೆದಿದ್ದೇನೆ.